ಕೊನೆಯ ಚೀಲ

ಶಿಳ್ಳೆ ನಿಂತುಹೋಗಿದೆ, ಯಾವಾಗ ನಿಂತಿತೋ ಗಮನಿಸಲಿಲ್ಲ, ಬೆಳಿಗ್ಗೆ ಬರುವಾಗ ದೋಣಿಯವನು ಬಾಯಿಗೆ ಬಿಡುವೇ ಕೊಟ್ಟಿರಲಿಲ್ಲ, ಹಾಡೂ ಅಲ್ಲದ ಒಂದು ತುಂಡು ರಾಗ, ಸುತ್ತಿ ಸುತ್ತಿ ಅದೇ, ತಲೆ ಚಿಟ್ಟು ಹಿಡಿಯುವಷ್ಟು, ಈಗ ಅವನ ತುಟಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಎಂಜಿನ್ನಿನ ಹಿಡಿಯನ್ನು ತೊಡೆಗೆ ಒತ್ತಿಕೊಂಡು ನಿಂತೇ ಇದ್ದಾನೆ, ಕೂತರೆ ಅವನಿಗೆ ಮುಂದೇನಿದೆ ಕಾಣುವುದಿಲ್ಲ, ನಡುವೆ ಚೀಲಗಳ ಗುಡ್ಡ, ಚೀಲಗಳ ಮೇಲೆ ಹರಕು ಬಲೆ, ಬಲೆಯ ಮೇಲೆ ಹಗ್ಗದ ಸಿಂಬಿ, ದ್ವೀಪದ ದಡದಲ್ಲಿ ಇಡೀ ದಿನ ಬಾಗಿ ಬಾಗಿ ಹೆಕ್ಕಿದ ಕಸವೆಲ್ಲ ಅಲ್ಲಿ, ಆ ಗುಡ್ಡದ ಆಚೆ ದೋಣಿಯ ಮೂತಿಯಲ್ಲಿ ತಂಗಿ, ತಂಗಿ ತಲೆಗೆ ಕಟ್ಟಿದ ಹಳದಿ ಬಟ್ಟೆಯ ಗಂಟು ಮಾತ್ರ ಅಕ್ಕನಿಗೆ ಕಾಣುತ್ತಿದೆ, ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮೇಲೆ ಹೋದಾಗ ಆಕಾಶಕ್ಕೆ ಅಂಟಿಸಿದ ಹಾಗಿರುತ್ತದೆ, ಕೆಳಗೆ ಬಂದಾಗ ಇರುವುದೇ ಇಲ್ಲ. ಹಿಂದೆ ಕೂತ್ಕೊಳ್ಳಿ ಅಕ್ಕಾ, ಇಲ್ಲಿ ಕುಲುಕಾಟ ಕಮ್ಮಿ ಎಂದು ಕೂರಿಸಿದವನು ದೋಣಿಯವನೇ, ದೋಣಿ ಹತ್ತಿದ ಗಳಿಗೆಯಿಂದ ಎಲ್ಲರಿಗೂ ಅವಳು ಅಕ್ಕ, ಜೊತೆಗೆ ಕಸ ಹೆಕ್ಕಲು ಬಂದ ಬೇಕರಿಯ ಗಂಡ ಹೆಂಡತಿಗೂ ಅಕ್ಕ, ಅವಳಿಗಿಂತ ದೊಡ್ಡವಳಿರಬಹುದಾದ ನರ್ಸಿಗೂ ಅಕ್ಕ, ಅಕ್ಕ ಎಂದ ಮೇಲೆ ಹೆದರುವ ಹಾಗಿಲ್ಲ, ಆದರೆ ಇದೇನು, ಪಾದಕ್ಕೆ ತಣ್ಣಗೆ, ದೋಣಿಯ ತಳದಲ್ಲಿ ನೀರು ಅತ್ತಿಂದಿತ್ತ ಓಡಾಡುತ್ತಿದೆ, ಬೆಳಿಗ್ಗೆಯೂ ಇತ್ತು, ಬೆರಳು ನೆನೆಯುವಷ್ಟು, ಈಗ ಕಾಲಿನ ಗಂಟು ಮುಳುಗಿದೆ, ಹೇಳಲೋ ಬೇಡವೋ, ಹೇಳಿದರೆ ತಂಗಿ ನಗುತ್ತಾಳೆ, ನೋಡ್ರಪ್ಪಾ ನಮ್ಮಕ್ಕ ಶುರು ಮಾಡಿದ್ಲು ಎನ್ನುತ್ತಾಳೆ, ಹೇಳುವುದು ಬೇಡ, ಅವನಿಗೆ ಕಾಣುವುದಿಲ್ಲವೇ, ದೋಣಿ ಅವನದು, ನೀರಿನಲ್ಲಿ ಬೆಳೆದವನು, ಅವನ ಕಣ್ಣು ಒಂದು ಸಲವೂ ಕೆಳಗಿಳಿಯುತ್ತಿಲ್ಲ, ಎಡಕ್ಕೆ ನೋಡುತ್ತಿದ್ದಾನೆ, ಎಡಕ್ಕೇ, ಅಲ್ಲಿ ಸಮುದ್ರದ ಬಣ್ಣ ಬೇರೆಯಾಗಿದೆ, ಸೀಸದ ಹಾಗೆ.

ನೀರು ಎಂದರೆ ಬಚ್ಚಲಿನದು ಸಾಕು ಎನ್ನುವವಳು ಅವಳು, ಬಂದದ್ದೇ ತಪ್ಪು, ಇಷ್ಟು ವರ್ಷ ಚೀಲ ಹೊಲಿದುಕೊಟ್ಟವಳು ಈ ವರ್ಷವೂ ಹೊಲಿದುಕೊಟ್ಟು ಅಂಗಡಿಯಲ್ಲಿ ಕೂರಬಹುದಿತ್ತು, ಒಪ್ಪಿಕೊಂಡ ಶಾಲೆಯ ಸಮವಸ್ತ್ರಗಳು ಮೇಜಿನ ಮೇಲೆ ಹಾಗೇ ಬಿದ್ದಿವೆ, ಕಾಜ ಆಗಿಲ್ಲ, ಗುಂಡಿ ಆಗಿಲ್ಲ. ಅಂಗಡಿಯ ಹಿಂದೆ ಹಳೆಯ ಬ್ಯಾನರುಗಳ ರಾಶಿ, ಮದುವೆಯವು, ಅಂಗಡಿ ಉದ್ಘಾಟನೆಯವು, ಯಾರೋ ಗೆದ್ದದ್ದು ಯಾರೋ ಸತ್ತದ್ದು, ಜನ ಎರಡು ದಿನ ನೇತುಹಾಕಿ ಬಿಸಾಡಿದ್ದನ್ನು ತಂಗಿ ಬೀದಿ ಬೀದಿ ತಿರುಗಿ ಎತ್ತಿಕೊಂಡು ಬರುತ್ತಾಳೆ, ಅಕ್ಕ ದಪ್ಪ ಸೂಜಿ ಹಾಕಿ ಜೋಡಿ ಹೊಲಿಗೆ ಹೊಡೆದು ಚೀಲ ಮಾಡುತ್ತಾಳೆ, ನಿನ್ನ ತಂಗಿ ಸಮುದ್ರ ಗುಡಿಸ್ತಾಳೆ, ಅವಳ ರೂಮು ಗುಡಿಸೋದು ನೀನು ಎಂದು ಗಂಡ ಲಾರಿಯಿಂದ ಇಳಿದು ಬಂದಾಗಲೆಲ್ಲ ಹೇಳುತ್ತಾನೆ, ಸುಳ್ಳಲ್ಲ, ಮಹಡಿಯ ಮೇಲಿನ ಆ ರೂಮಿನಲ್ಲಿ ಕಾಲಿಡಲು ಜಾಗವಿಲ್ಲ, ಸಾಲಾಗಿ ಗಾಜಿನ ಜಾಡಿಗಳು, ಒಂದೊಂದರಲ್ಲೂ ಒಂದೊಂದು ದಡದ ಮರಳು, ಮರಳಲ್ಲಿ ನೀಲಿ ಕೆಂಪು ಹಸಿರು ಪ್ಲಾಸ್ಟಿಕ್ ಚೂರುಗಳು, ನೀರು ಪರೀಕ್ಷೆ ಮಾಡುವ ಕಚೇರಿಯಲ್ಲಿ ದಿನವಿಡೀ ಇದೇ ಕೆಲಸ, ಸಂಬಳ ಕೊಟ್ಟು ಮಾಡಿಸುವುದು ಸಾಲದೆಂದು ರಜೆಯಲ್ಲೂ ಇದೇ. ಮದುವೆ ಬೇಡ ಎಂದಳು, ಬಿಟ್ಟರು, ಬೇರೆ ಮನೆ ಬೇಡ ಎಂದಳು, ಮಹಡಿ ಬಿಟ್ಟುಕೊಟ್ಟರು. ಒಂದೇ ಒಂದ್ಸಲ ಬಾರೇ, ನಿನ್ನ ಚೀಲ ಏನು ಕೆಲಸ ಮಾಡುತ್ತೆ ಅಂತ ಕಣ್ಣಾರೆ ನೋಡು, ಎಷ್ಟು ಕರೆಯೋದು ನಿನ್ನ, ಎಂದು ಮೊನ್ನೆ ಮೆಟ್ಟಿಲ ಮೇಲೆ ಕೂತು ಕೇಳಿದಾಗ ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ, ಆ ಮುಖಕ್ಕೆ ಇಲ್ಲ ಎಂದವರು ಮನೆಯಲ್ಲಿ ಯಾರಿದ್ದಾರೆ, ಅಮ್ಮ ಎಂದಿದ್ದಳೇ, ಅಪ್ಪ ಎಂದಿದ್ದನೇ, ಬಸ್ಸಿನಲ್ಲಿ ಕಿಟಕಿ ಪಕ್ಕ ಯಾವತ್ತೂ ತಂಗಿ, ನೀನು ದೊಡ್ಡವಳು, ಬಿಟ್ಟುಕೊಡು, ಬಣ್ಣದ ಪೆನ್ಸಿಲಿನ ಡಬ್ಬಿ, ನೀನು ದೊಡ್ಡವಳು, ಹೂವಿನ ಚಿತ್ರದ ಕೊಡೆ, ಬಿಟ್ಟುಕೊಡು, ಅವಳು ಹಿಡಿದರೆ ಉಡ, ಹಿಡಿದದ್ದನ್ನು ಬಿಡಿಸುವ ಹೊತ್ತಿಗೆ ಊರೆಲ್ಲ ಕೇಳುವ ಹಾಗೆ ಅಳು, ಅದಕ್ಕೇ ಅಮ್ಮನಿಗೆ ಸುಲಭದ ದಾರಿ ಒಂದೇ ಇದ್ದದ್ದು.

ಆದರೆ ಇವತ್ತು ದಡದಲ್ಲಿ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಅಕ್ಕನಿಗೆ ಖುಷಿಯಾಗಿತ್ತು. ದೂರದಿಂದ ಬೆಳ್ಳಗೆ ಚೆಂದ ಕಂಡ ದ್ವೀಪ ಹತ್ತಿರ ಬಂದಾಗ ಚಪ್ಪಲಿಗಳ ದ್ವೀಪ, ಒಂಟಿ ಚಪ್ಪಲಿಗಳು, ಜೋಡಿ ಯಾವುದಕ್ಕೂ ಇಲ್ಲ, ಬಾಟಲಿ, ಬಲ್ಬಿನ ಬುರುಡೆ, ಬಕೆಟ್ಟಿನ ಹಿಡಿ, ಹಲ್ಲುಜ್ಜುವ ಬ್ರಷ್ಷು, ಗೊಂಬೆಯ ಕೈ, ಮನುಷ್ಯರೇ ವಾಸವಿಲ್ಲದ ಜಾಗಕ್ಕೆ ಮನೆ ಸಾಮಾನೆಲ್ಲ ಬಂದು ಕೂತಿದೆ ಎಂದು ನರ್ಸು ಹೇಳಿದ್ದಳು, ಬೇಕರಿಯವನು ಹೆಂಡತಿಗೆ ನೋಡು ನಿನ್ನ ಕಳೆದುಹೋದ ಸೌಟು ಎಂದು ಒಂದು ಪ್ಲಾಸ್ಟಿಕ್ ಸೌಟನ್ನು ಎತ್ತಿ ತೋರಿಸಿ ಬೈಸಿಕೊಂಡ. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಯಿತು, ಆದರೂ ಬರೀ ಮರಳು ಕಾಣುವಷ್ಟು ಒಂದು ಚಾಪೆಯಗಲ ಜಾಗ ಆದಾಗ ಹಿಂತಿರುಗಿ ನೋಡಿದಳು, ಹೊಲಿಗೆ ಮುಗಿದ ಬಟ್ಟೆಯನ್ನು ಕೊಡವಿ ಹಿಡಿದಾಗ ಆಗುವಂಥ ಖುಷಿ. ತಂಗಿ ಮಾತ್ರ ದೊಡ್ಡದನ್ನು ಮುಟ್ಟಲಿಲ್ಲ, ದೊಡ್ಡದನ್ನ ಯಾರು ಬೇಕಾದ್ರೂ ಹೆಕ್ತಾರೆ ಎಂದು ಮೊಣಕಾಲೂರಿ ಜರಡಿ ಹಿಡಿದು ಕೂತಳು, ಬಿಸಿಲೇರಿದರೂ ಏಳಲಿಲ್ಲ, ಮರಳು ಜಾಲಿಸುವುದು, ಜರಡಿಯಲ್ಲಿ ಉಳಿದ ಚೂರುಗಳನ್ನು ಚೀಲಕ್ಕೆ ಸುರಿಯುವುದು, ಅಕ್ಕಿಕಾಳಿನಷ್ಟು, ಅದಕ್ಕಿಂತ ಚಿಕ್ಕದು, ಇದು ಒಡೆದು ಒಡೆದು ಹೀಗಾಗಿರೋದು ಅಕ್ಕಾ, ಇನ್ನೊಂದು ಸಲ ನೀರಿಗೆ ಹೋದ್ರೆ ಯಾರ ಕೈಗೂ ಸಿಗಲ್ಲ, ಮೀನಿನ ಹೊಟ್ಟೇಲೇ ನೋಡಬೇಕು. ಹೊತ್ತು ನೆತ್ತಿಗೆ ಬರುವ ಮುಂಚೆ ದೋಣಿಯವನು ಮರಳ ಮೇಲೆ ನಡೆದು ಬಂದ, ಗಾಳಿ ತಿರುಗ್ತಾ ಇದೆ ಮೇಡಂ, ಈಗ ಹೊರಟ್ರೆ ಒಳ್ಳೇದು ಎಂದ, ತಂಗಿ ತಲೆಯೆತ್ತದೆ ಆ ಬಂಡೆಯಾಚೆ ಒಂದು ಚಿಕ್ಕ ದಡ ಉಳಿದಿದೆ, ಅದೊಂದು ಮುಗಿಸಿಬಿಡೋಣ ಎಂದಳು, ಅವನು ಅಕ್ಕನ ಮುಖ ನೋಡಿದ, ನೀವಾದ್ರೂ ಹೇಳಿ ಎಂಬ ಹಾಗೆ, ಅಕ್ಕ ಹೇಳಬಹುದಿತ್ತು, ತಂಗಿಯ ಮೂಗಿನ ತುದಿಯಲ್ಲಿ ಮರಳು ಅಂಟಿತ್ತು, ಸಣ್ಣವಳಿದ್ದಾಗಿನ ಹಾಗೆ ನಾಲಿಗೆಯ ತುದಿ ಕಚ್ಚಿಕೊಂಡು ಜರಡಿ ಆಡಿಸುತ್ತಿದ್ದಳು, ಹೇಳಲಿಲ್ಲ.

ಈಗ ದ್ವೀಪದ ಮರೆ ತಪ್ಪಿತು, ಅದು ತಪ್ಪಿದ್ದು ಯಾರೂ ಹೇಳದೆ ಗೊತ್ತಾಯಿತು, ಯಾರೋ ದೋಣಿಯನ್ನು ಕೆಳಗಿನಿಂದ ಕೈಕೊಟ್ಟು ಎತ್ತಿ ಪಕ್ಕಕ್ಕಿಟ್ಟ ಹಾಗೆ, ಎಡಗಡೆಯಿಂದ ನೀರು ಎದ್ದು ನಿಂತು, ನಿಂತು, ಒಳಗೆ ಬಂತು, ಹನಿಯಲ್ಲ, ಕೊಡಗಟ್ಟಲೆ, ಬೆನ್ನ ಮೇಲೆ ಬಿದ್ದಾಗ ಕಲ್ಲಿನ ಹಾಗೆ. ನೀರು ಹೊರಗೆ ಹಾಕಿ ಎಂದ ದೋಣಿಯವನು, ಅದೂ ಮೆಲ್ಲಗೆ ಹೇಳಿದ. ಹೆಕ್ಕಿ ತಂದ ಡಬ್ಬಗಳನ್ನೇ ಚೀಲದಿಂದ ಎಳೆದು ಬೇಕರಿಯವನು ಒಂದು, ನರ್ಸು ಒಂದು, ಅಕ್ಕ ಒಂದು, ಮೊಗೆಯುವುದು ಚೆಲ್ಲುವುದು, ಮೊಗೆಯುವುದು ಚೆಲ್ಲುವುದು, ಮೊಗೆದಷ್ಟೂ ಬರುತ್ತಿದೆ, ಬೇಕರಿಯವನ ಹೆಂಡತಿ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಾಳೆ, ಎಂಜಿನ್ ಒಂದು ಸಲ ಕೆಮ್ಮಿತು, ನಿಂತಿತು ಎಂದುಕೊಂಡಳು, ನಿಲ್ಲಲಿಲ್ಲ, ದೋಣಿಯ ಅಂಚು ಎಲ್ಲಿದೆ, ಬೆಳಿಗ್ಗೆ ಕೈ ಕೆಳಗೆ ಚಾಚಿದರೂ ನೀರು ಸಿಕ್ಕಿರಲಿಲ್ಲ, ಈಗ ಅಂಚಿಗೂ ನೀರಿಗೂ ನಡುವೆ ಒಂದು ಗೇಣು, ಅರ್ಧ ಗೇಣು, ಬಟ್ಟೆ ಅಳೆದು ಅಳೆದು ಕಣ್ಣಿಗೇ ಅಳತೆ ಬಂದುಬಿಟ್ಟಿದೆ, ಅಳೆಯಬಾರದು. ಬಲೆ ಎಸೀರಿ ಎಂದ ದೋಣಿಯವನು. ಯಾರೂ ಅಲುಗಲಿಲ್ಲ. ಬಲೆ ನೀರು ಕುಡಿದು ಭಾರ ಆಗಿದೆ, ಅದನ್ನ ಎಸೀರಿ, ಆಮೇಲೆ ಎಡಗಡೆ ಚೀಲ ಎಂದ ಮತ್ತೆ, ಗುಡ್ಡದ ಆಚೆಯಿಂದ ತಂಗಿಯ ದನಿ, ಆಗಲ್ಲ, ಎಸೆಯೋಕಾಗಲ್ಲ, ನಾವು ಬಂದಿದ್ದೇ ಇದನ್ನ ತೆಗೆಯೋಕೆ, ಇನ್ನು ಸ್ವಲ್ಪ ಹೊತ್ತು ನೀರು ಚೆಲ್ಲೋಣ. ದೋಣಿಯವನು ಮೊದಲ ಬಾರಿಗೆ ಕೂಗಿದ, ಮೇಡಂ, ಬಲೆ ಉಳಿಸ್ಕೊಳ್ತೀರೋ ಇವರನ್ನ ಉಳಿಸ್ಕೊಳ್ತೀರೋ ಹೇಳಿ.

ಆಮೇಲೆ ಯಾರು ಮೊದಲು ಎದ್ದರು, ಬೇಕರಿಯವನೇ ಇರಬೇಕು, ಬಲೆ ಅವನ ಕೈಯಲ್ಲಿ ಹಾವಿನ ಹೊರೆಯ ಹಾಗೆ ಜಾರಿ ಜಾರಿ ಹೋಯಿತು, ಮರಳಿನಿಂದ ಅದನ್ನು ಕಿತ್ತೆಳೆಯಲು ಎಲ್ಲರೂ ಸೇರಿ ಎಷ್ಟು ಒದ್ದಾಡಿದ್ದರು, ನೀರಿಗೆ ಹೋಗಲು ಅದಕ್ಕೆ ಒಂದು ಉಸಿರು ಸಾಕಾಯಿತು, ಹಗ್ಗ ಹೋಯಿತು, ಆಮೇಲೆ ಚೀಲ, ಹಾಕಿ, ಹಾಕಿ, ದೋಣಿಯವನ ದನಿ ಬೆನ್ನ ಹಿಂದೆ, ಅಕ್ಕ ಒಂದು ಚೀಲದ ಮೂಲೆ ಹಿಡಿದಳು, ತನ್ನದೇ ಹೊಲಿಗೆ ಬೆರಳಿಗೆ ಸಿಕ್ಕಿತು, ಎತ್ತಿದಳು, ಹಾಕಿದಳು. ಬ್ಯಾನರಿನ ಅರ್ಧ ಮುಖದ ಮದುಮಗಳು ನೀರಿನ ಮೇಲೆ ಮಲಗಿದಳು, ಶುಭಾಶಯ ಎಂಬ ಅಕ್ಷರ ಮಗುಚಿಕೊಂಡಿತು, ಯಾರದೋ ಮೀಸೆ, ಯಾರದೋ ಮುಗಿದ ಕೈ, ಒಂದೊಂದೇ ಚೀಲ ಮುಳುಗಿ ಮತ್ತೆ ಮೇಲೆ ಬಂದು ಹಿಂದೆ ಹಿಂದೆ, ಇದೂ ಪ್ಲಾಸ್ಟಿಕ್ಕೇ ಅಲ್ಲವೇ, ಚೀಲವೂ, ಇಷ್ಟು ದಿನ ಹೊಳೆದೇ ಇರಲಿಲ್ಲ, ಸಮುದ್ರ ಕೊಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚೇ ಸೇರಿಸಿ ವಾಪಸು ಕೊಡುತ್ತಿದ್ದೇನೆ, ನರ್ಸು ಅಳುತ್ತಾ ಎಸೆಯುತ್ತಿದ್ದಾಳೆ, ಅಳುತ್ತಿದ್ದಾಳೋ ನೀರೋ, ಹಾಕಿ, ಹಾಕಿ, ಗುಡ್ಡ ಕರಗಿತು, ಕರಗಿದ ಮೇಲೆ ತಂಗಿ ಪೂರ್ತಿ ಕಂಡಳು, ಮೂತಿಯಲ್ಲಿ ಕಾಲು ಮಡಚಿ ಕೂತಿದ್ದಾಳೆ, ಒಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ತೋಳಿನಲ್ಲಿ ತಬ್ಬಿದ್ದಾಳೆ, ಬೇರೆ ಯಾವುದನ್ನೂ ಎಸೆಯಲು ಅವಳು ಅಡ್ಡಿ ಮಾಡಿಲ್ಲ, ಸಹಾಯವನ್ನೂ ಮಾಡಿಲ್ಲ, ಸುಮ್ಮನೆ ನೋಡುತ್ತಿದ್ದಾಳೆ, ಚೀಲಗಳು ಹೋದ ಕಡೆ, ಒಂದೊಂದಾಗಿ.

ಅಕ್ಕ ತೆವಳಿಕೊಂಡು ಹೋದಳು, ನಿಲ್ಲುವ ಹಾಗಿರಲಿಲ್ಲ, ಮಂಡಿಯಲ್ಲೇ, ಒಂದು ಕೈ ಅಂಚಿನ ಮೇಲೆ, ಅದನ್ನೂ ಕೊಡು ಎಂದಳು. ಇದು ಬೇಡ ಅಕ್ಕಾ, ಇದು ಪುಡಿ. ಕೊಡೇ. ಬೇರೆದೆಲ್ಲ ತೇಲುತ್ತೆ, ನಾಳೆ ನಾಡಿದ್ದು ಎಲ್ಲಾದ್ರೂ ದಡಕ್ಕೆ ಬರುತ್ತೆ, ಇದು ಹೋದ್ರೆ ಹೋಯ್ತು, ದಮ್ಮಯ್ಯ, ಎಂದಳು ತಂಗಿ, ಹಟದ ದನಿಯಲ್ಲ ಅದು, ಬೇಡುವ ದನಿ, ಅಕ್ಕನಿಗೆ ಅದು ಕೇಳಿಸಿತ್ತು, ಕೇಳಿಸಲಿಲ್ಲ ಎಂದು ಈಗ ಹೇಳುವ ಹಾಗಿಲ್ಲ. ಹಿಂದಿನಿಂದ ದೋಣಿಯವನು ಕೂಗಿದ, ಗಾಳಿ ಅರ್ಧ ತಿಂದು ಅರ್ಧ ಕೊಟ್ಟಿತು, ಹಾಕು, ಹಾಕು ಅಕ್ಕಾ, ಆಗ ದೋಣಿ ವಾಲಿತು, ತಂಗಿಯ ಬಲಗೈ ತಾನಾಗಿ ಚೀಲ ಬಿಟ್ಟು ಅಂಚು ಹಿಡಿಯಿತು, ಎಡಗೈ ಒಂದೇ ಉಳಿಯಿತು, ಚೀಲದ ಕಿವಿಯಲ್ಲಿ, ಎತ್ತಿ ಹಿಡಿಯಲು ಗಟ್ಟಿ ಇರಲೆಂದು ಮೂರು ಸುತ್ತು ಹೊಲಿದ ಕಿವಿ, ಅಕ್ಕ ಆ ಕೈಯ ಮೇಲೆ ಕೈ ಹಾಕಿದಳು. ಹೆಬ್ಬೆರಳು ಸುಲಭವಾಗಿ ಬಂತು. ತೋರುಬೆರಳು ಬಂತು. ನಡುಬೆರಳನ್ನು ಹಿಂದಕ್ಕೆ ಮಡಚಬೇಕಾಯಿತು, ಬಿಡು, ಬಿಡೇ, ಯಾವಾಗಲೂ ನಿನ್ನದೇ ಆಗಬೇಕು, ಯಾವಾಗಲೂ, ಅದನ್ನು ಹೇಳಿದಳೋ ಅಂದುಕೊಂಡಳೋ, ಬಾಯಿಗೆ ಉಪ್ಪುನೀರು ಹೋಗಿದ್ದರಿಂದ ಹೇಳಿಯೇ ಇರಬೇಕು, ಉಂಗುರದ ಬೆರಳು ಬಂತು, ಕಿರುಬೆರಳು ಬರಲಿಲ್ಲ. ಕೊಕ್ಕೆಯ ಹಾಗೆ ಬಾಗಿ ಕಿವಿಯೊಳಗೆ ಕೂತಿತ್ತು, ಗಿಣ್ಣು ಬೆಳ್ಳಗಾಗಿತ್ತು, ಇಷ್ಟು ಚಿಕ್ಕ ಬೆರಳಿಗೆ ಇಷ್ಟು ಬಲ ಎಲ್ಲಿಂದ, ಅಕ್ಕ ಅದರ ಕೆಳಗೆ ತನ್ನ ಹೆಬ್ಬೆರಳು ತೂರಿಸಿದಳು, ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು, ದಪ್ಪ ಬಟ್ಟೆಯನ್ನು ಸೀಳುವಾಗ ಹಾಕುವಂಥ ಬಲ ಹಾಕಿದಳು, ಟಕ್ ಎಂದಿತು. ಎಂಜಿನ್ ಸದ್ದು, ಗಾಳಿ, ನೀರು, ಇಷ್ಟರ ನಡುವೆಯೂ ಕೇಳಿಸಿತು, ಅಥವಾ ಕೇಳಿಸಲಿಲ್ಲ, ಹೆಬ್ಬೆರಳಿಗೆ ಗೊತ್ತಾಯಿತು. ತಂಗಿ ಕೂಗಲಿಲ್ಲ. ಚೀಲ ಹೋಯಿತು, ಬಾಯಿ ಕಟ್ಟಿರಲಿಲ್ಲ, ಅಂಚಿಗೆ ತಾಗಿ ತಲೆಕೆಳಗಾಗಿ ನೀರಿಗೆ ಬಿತ್ತು, ಒಂದು ಅಲೆಯ ಬೆನ್ನಿನ ಮೇಲೆ ನೀಲಿ ಕೆಂಪು ಹಸಿರು ಹರಡಿಕೊಂಡಿತು, ಮುಂದಿನ ಅಲೆಗೆ ಅದೂ ಇರಲಿಲ್ಲ.

ಆಮೇಲಿನದು ಬೇಗ ಆಯಿತು, ಅಷ್ಟು ಬೇಗ ಆಗಬಾರದಿತ್ತು, ದೋಣಿ ಹಗುರವಾಗಿ ಏಳತೊಡಗಿತ್ತು, ಬಂದರಿನ ಕಲ್ಲುಗೋಡೆ ಕಂಡಿತು, ಗೋಡೆಯ ಮರೆಗೆ ಬಂದೊಡನೆ ನೀರು ಏನೂ ನಡೆದೇ ಇಲ್ಲವೆಂಬ ಹಾಗೆ ಚಪ್ಪಟೆಯಾಯಿತು, ಬೇಕರಿಯವನ ಹೆಂಡತಿ ಕಣ್ಣು ತೆರೆದು ಗಂಡನ ಬೆನ್ನಿಗೊಂದು ಗುದ್ದಿ ಇನ್ನು ನಿನ್ನ ಜೊತೆ ಎಲ್ಲಿಗಾದ್ರೂ ಬಂದ್ರೆ ಕೇಳು ಎಂದಳು, ಅವನು ನಕ್ಕ, ನರ್ಸೂ ನಕ್ಕಳು, ಬದುಕಿದವರ ನಗು, ಅಕ್ಕನ ಬಾಯಿಯೂ ತೆರೆದುಕೊಂಡಿತು, ಆಗ ತಂಗಿಯನ್ನು ನೋಡಿದಳು, ಎಡಗೈಯನ್ನು ಬಲಗಂಕುಳಿಗೆ ಸಿಕ್ಕಿಸಿಕೊಂಡು ಕೂತಿದ್ದಾಳೆ, ಚಳಿಗೆ ಕೂತವರ ಹಾಗೆ, ಕಣ್ಣು ನೀರಿನ ಮೇಲೆ, ಅಕ್ಕನ ಮೇಲಲ್ಲ. ಕಟ್ಟೆಗೆ ಹಗ್ಗ ಬಿಗಿದು ದೋಣಿಯವನು ಎಲ್ಲರನ್ನೂ ಕೈಹಿಡಿದು ಹತ್ತಿಸಿದ, ತಂಗಿ ಕೈ ಕೊಡದೆ ಹತ್ತಿದಳು, ಕೊನೆಗೆ ಅಕ್ಕ, ಕಾಲಿಗೆ ಕಲ್ಲು ಸಿಕ್ಕಿತು, ಕಲ್ಲೂ ಆಡುತ್ತಿತ್ತು. ಒಳ್ಳೆ ಧೈರ್ಯ ಮಾಡಿದ್ರಿ ಅಕ್ಕಾ, ಎಂದ ದೋಣಿಯವನು, ನೆನೆದ ಬೀಡಿಕಟ್ಟನ್ನು ಹಿಂಡಿ ಬಿಸಾಡುತ್ತಾ, ಬಿಸಾಡಿದವನು ಯಾರಾದರೂ ನೋಡಿದರೋ ಎಂದು ಮತ್ತೆ ಹೆಕ್ಕಿಕೊಂಡು, ಆದರೆ ಆ ಕೊನೇದು ಯಾಕೆ ಹಾಕಿದ್ರಿ, ಪಾಪ, ಮೇಡಂ ಹಿಡ್ಕೊಂಡಿದ್ರಲ್ಲ. ನೀನೇ ಕೂಗಿದ್ಯಲ್ಲ ಹಾಕು ಅಂತ. ನಾನಾ, ಅವನು ಹುಬ್ಬು ಗಂಟಿಕ್ಕಿದ, ನಾನು ಸಾಕು ಅಂದೆ ಅಕ್ಕಾ, ಸಾಕು ಸಾಕು ಅಂತ, ಅಷ್ಟೊತ್ತಿಗೆ ದೋಣಿ ಎದ್ದಿತ್ತಲ್ಲ, ಆ ಒಂದು ಚೀಲ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ಸಾಕು. ಹಾಕು. ಅವಳು ನಿಂತೇ ಇದ್ದಳು, ಬಟ್ಟೆಯಿಂದ ನೀರು ಇಳಿಯುತ್ತಿತ್ತು, ಸಾಕು, ಹಾಕು, ಗಾಳಿಗೆ ಎರಡೂ ಒಂದೇ, ಯಾರಿಗಾದರೂ ಹಾಗೇ ಕೇಳಿಸುತ್ತಿತ್ತು, ಯಾರಿಗಾದರೂ, ಆದರೆ ಅವನು ಬೆಳಗಿನಿಂದ ಒಂದು ಸಲವೂ ಅವಳನ್ನು ಏಕವಚನದಲ್ಲಿ ಕರೆದಿಲ್ಲ, ಕೂತ್ಕೊಳ್ಳಿ, ಹತ್ತಿ, ಇಳೀರಿ, ಸಾವು ಎದುರಿಗಿದ್ದಾಗಲೂ ಹಾಕಿ ಹಾಕಿ ಎಂದೇ ಕೂಗಿದ್ದು, ಹಾಕು ಎಂದು ಅವನ ಬಾಯಿಂದ ಬರುವುದು ಹೇಗೆ, ಅದು ಅವಳ ಕಿವಿಗೆ ಆಗಲೇ ಗೊತ್ತಾಗಿರಬೇಕು, ತಪ್ಪು ಕೇಳಿಸಿತೋ, ಬೇಕಾದದ್ದು ಕೇಳಿಸಿತೋ, ಗಿಣ್ಣು ಬೆಳ್ಳಗಾಗಿತ್ತು.

ನರ್ಸಿನ ಕಣ್ಣಿಗೆ ಬಿದ್ದದ್ದು ಬಾಡಿಗೆ ಕಾರಿನ ಹತ್ತಿರ, ಅದೇನು ಕೈ ತೋರಿಸಿ ಮೇಡಂ ಎಂದು ಕಂಕುಳಿಂದ ಬಿಡಿಸಿ ನೋಡಿ ನಾಲಿಗೆ ಕಚ್ಚಿಕೊಂಡಳು, ಕಿರುಬೆರಳು ಪಕ್ಕಕ್ಕೆ ತಿರುಗಿ ನಿಂತಿದೆ, ಬೇರೆ ಯಾವುದೋ ಕೈಯಿಂದ ತಂದು ಅಂಟಿಸಿದ ಹಾಗೆ, ಬುಡದಲ್ಲಿ ನೇರಳೆ ಬಣ್ಣ, ಕೀಲು ಜಾರಿದೆ, ನಡೀರಿ ನಮ್ಮ ಕ್ಲಿನಿಕ್ಕಿಗೇ ಹೋಗೋಣ ಎಂದಳು, ಕೆಲಸ ಮಾಡುವ ಕ್ಲಿನಿಕ್ಕು ಎರಡು ಬೀದಿಯಾಚೆ, ಅಲ್ಲಿ ಅವಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಾರೆ, ಹೇಗಾಯಿತು ಎಂದು ಕೇಳಲಿಲ್ಲ, ದೋಣಿಯಲ್ಲೇ ನೋಡಿದ್ದಳೋ ಏನೋ. ಕಾರಿನಲ್ಲಿ ಅಕ್ಕ ತಂಗಿ ಹಿಂದಿನ ಸೀಟಿನಲ್ಲಿ, ತಂಗಿ ಕಿಟಕಿ ಪಕ್ಕ, ನೋಯ್ತಿದೆಯೇನೇ ಎಂದಳು ಅಕ್ಕ, ತಂಗಿ ಹೊರಗೆ ನೋಡುತ್ತಾ ಇಲ್ಲ ಎಂದಳು, ಇಲ್ಲ ಎಂಬುದು ಮಾತಲ್ಲ, ಬಾಗಿಲು, ತಟ್ಟಿದರೆ ತೆರೆಯುವುದಿಲ್ಲ. ಕ್ಲಿನಿಕ್ಕಿನ ಬೆಂಚು, ಗೋಡೆಯಲ್ಲಿ ಮೂಳೆಗಳ ಚಿತ್ರ, ಎದುರು ಕೂತ ಮುದುಕ ಬಾಟಲಿಯಿಂದ ನೀರು ಕುಡಿದು ಖಾಲಿ ಬಾಟಲಿಯನ್ನು ಹಿಸುಕಿದ, ಅದು ಟಕ್ ಎಂದಿತು, ಅಕ್ಕನ ಬೆನ್ನು ನೆಟ್ಟಗಾಯಿತು. ಒಳಗೆ ಕರೆದರೆ ತಂಗಿ ಏನು ಹೇಳುತ್ತಾಳೆ, ಡಾಕ್ಟರು ಕೇಳಿಯೇ ಕೇಳುತ್ತಾರೆ, ನಮ್ಮಕ್ಕ ಮುರಿದಳು ಎನ್ನುತ್ತಾಳೆ, ಅನ್ನಲಿ, ನಿಜ ತಾನೇ, ಅಂದರೆ ಅಕ್ಕನೂ ಬಾಯಿಬಿಟ್ಟು ಹೇಳಬಹುದು, ಮುಳುಗ್ತಿದ್ವಿ, ಇನ್ನೇನು ಮಾಡಲಿ, ನಿನ್ನ ಜೀವಕ್ಕಿಂತ ಆ ಪುಡಿ ಹೆಚ್ಚಾ, ನಾಲ್ಕು ಮಾತು ಆಗಿ, ಜಗಳವಾಗಿ, ಅತ್ತು, ಮುಗಿಯುತ್ತದೆ, ಸಣ್ಣವರಿದ್ದಾಗ ಎಲ್ಲವೂ ಹಾಗೇ ಮುಗಿಯುತ್ತಿತ್ತು, ಅನ್ನಲಿ, ದಯವಿಟ್ಟು ಅನ್ನಲಿ.

ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮುರಿದಿಲ್ಲ, ಕೀಲು ತಪ್ಪಿದೆ, ಕೂರಿಸಿಬಿಡ್ತೀನಿ, ಹೇಗಾಯ್ತಮ್ಮಾ ಇದು. ತಂಗಿ ಒಂದು ಗಳಿಗೆಯೂ ತಡೆಯಲಿಲ್ಲ, ದೋಣಿಯ ಅಂಚಿಗೆ ಸಿಕ್ಕಿಕೊಳ್ತು, ಎಂದಳು, ನನ್ನದೇ ತಪ್ಪು, ಸರಿಯಾಗಿ ಹಿಡ್ಕೊಂಡಿರಲಿಲ್ಲ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು, ಸೂಜಿ ಚುಚ್ಚಿದರು, ಎಳೆಯುವಾಗ ಸ್ವಲ್ಪ ಗೊತ್ತಾಗುತ್ತೆ, ಅಲುಗಾಡಬಾರದು, ನೀವು ಇವರ ಅಕ್ಕನಾ, ಬನ್ನಿ, ಮುಂಗೈ ಗಟ್ಟಿಯಾಗಿ ಹಿಡ್ಕೊಳ್ಳಿ, ಅಕ್ಕ ಎದ್ದಳು, ಕೈ ಚಾಚಿದಳು, ಹೆಬ್ಬೆರಳಿನ ಜಡ್ಡು ಇನ್ನೂ ಉಪ್ಪಿನಿಂದ ಬೆಳ್ಳಗಿತ್ತು. ತಂಗಿ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ, ದನಿಯೂ ಏರಲಿಲ್ಲ, ಡಾಕ್ಟರ ಕಡೆಗೇ ತಿರುಗಿ ಹೇಳಿದಳು, ಅಕ್ಕ ಬೇಡ, ಸಿಸ್ಟರ್ ಹಿಡೀಲಿ. ಅಷ್ಟೇ. ನರ್ಸು ಅಕ್ಕನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿದಳು, ನೀವು ಹೊರಗಿರಿ ಅಕ್ಕಾ, ಐದು ನಿಮಿಷ, ಹಸಿರು ಪರದೆ ಮುಚ್ಚಿಕೊಂಡಿತು, ಪರದೆಯ ಅಂಚಿಗೆ ಯಾರೋ ಒಂಟಿ ಹೊಲಿಗೆ ಹೊಡೆದಿದ್ದಾರೆ, ಬಿಟ್ಟುಹೋಗುತ್ತದೆ, ಒಂದು ಕಡೆ ಆಗಲೇ ಬಿಟ್ಟಿದೆ, ಅದರ ಕೆಳಗೆ ತಂಗಿಯ ಪಾದ, ಬೆರಳ ಸಂದಿಯಲ್ಲಿ ಮರಳು, ಉಸಿರು ಎಳ್ಕೊಳ್ಳಿ ಎಂದರು ಡಾಕ್ಟರು, ಪಾದ ಬಿಗಿಯಾಯಿತು, ತಂಗಿ ಈಗಲೂ ಕೂಗುವುದಿಲ್ಲ, ಕೂಗು, ಒಂದು ಸಲ ಕೂಗು, ಊರೆಲ್ಲ ಕೇಳುವ ಹಾಗೆ, ಏನೂ ಕೇಳುತ್ತಿಲ್ಲ, ಅಕ್ಕನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತಿದೆ, ಹೆಬ್ಬೆರಳು ಬಂತು, ತೋರುಬೆರಳು ಬಂತು, ನಡುಬೆರಳು, ಉಂಗುರದ ಬೆರಳು, ಇಷ್ಟು ಚಿಕ್ಕದು, ಕೊಕ್ಕೆಯ ಹಾಗೆ, ಗಿಣ್ಣು ಬೆಳ್ಳಗೆ, ಬಿಡುತ್ತಿಲ್ಲ, ಬಿಡೇ ಅಲ್ಲ, ಬಿಡಬೇಡ, ಹಿಡಿದುಕೊ, ಗಟ್ಟಿಯಾಗಿ ಹಿಡಿದುಕೊ, ಚೀಲದ ಕಿವಿಯೊಳಗೆ ಬಾಗಿ ಕೂತ ಕಿರುಬೆರಳು, ಬೆಳ್ಳಗೆ, ಕಿರುಬೆರಳು —